ಮ್ಯಾಂಡರಿನ್ ಮೀನಿನ ಹೊಟ್ಟೆ ತುಂಬಿಸುವುದು ಹೇಗೆ?

ಪ್ರಶ್ನೆ: ನಮ್ಮದು 120 ಲೀಟರಿನ ಉಪ್ಪುನೀರಿನ ಅಕ್ವೇರಿಯಂ, ಶುರು ಮಾಡಿ ಮೂರು ತಿಂಗಳಾಯಿತು. ಎರಡು ಕ್ಲೌನ್ ಮೀನು, ಒಂದು ಸಿಕ್ಸ್‌ಲೈನ್ ರಾಸ್ ಅನ್ನುವ ಮೀನು ಇವೆ. ಈಚೆಗೆ ಒಂದು ಮ್ಯಾಂಡರಿನ್ ತಂದೆವು. ಮೀನಿನ ಆಹಾರದ ಗುಳಿಗೆ ಹಾಕಿದರೂ ಅಷ್ಟೆ, ಚಕ್ಕೆ ಹಾಕಿದರೂ ಅಷ್ಟೆ, ಮೂಸಿಯೂ ನೋಡುವುದಿಲ್ಲ. ಅಂಗಡಿಯವರು ‘ಹಸಿವಾದರೆ ತಾನೇ ತಿನ್ನುತ್ತೆ ಬಿಡಿ’ ಅಂದರು. ಹಗಲೆಲ್ಲಾ ಕಲ್ಲು ಕುಟುಕುತ್ತಾ ಇರುತ್ತದೆ, ಹಾಗಾದರೆ ಏನೋ ತಿನ್ನುತ್ತಿದೆ ಅಂತ ಅಲ್ವಾ?

ಉತ್ತರ: ಕುಟುಕುತ್ತಿದೆ ಅಂದರೆ ಹುಡುಕುತ್ತಿದೆ ಅಂತ. ಅದರಲ್ಲಿ ಎಷ್ಟು ಸಿಗುತ್ತಿದೆ ಅನ್ನುವುದು ಬೇರೆ ಲೆಕ್ಕ. ಸ್ವಲ್ಪ ಹೊತ್ತು ಗಾಜಿನ ಹತ್ತಿರ ಕೂತು ನೋಡಿ. ಕಣ್ಣು ಹೊರಳಿಸುತ್ತದೆ, ಕಲ್ಲಿನ ಮುಂದೆ ನಿಂತಲ್ಲೇ ನಿಲ್ಲುತ್ತದೆ, ಗುರಿ ಇಡುತ್ತದೆ, ಆಮೇಲೆ ಟಕ್ ಅಂತ ಒಂದು ಸಲ ಬಾಯಿ ಹಾಕುತ್ತದೆ. ಅದು ಹಿಡಿಯುವುದು ಕೋಪಿಪಾಡ್ ಅನ್ನುವ ಚುಕ್ಕಿಯಷ್ಟು ಜೀವಿಗಳನ್ನು, ಅದೂ ಹೆಚ್ಚಾಗಿ ಅಲುಗಾಡುತ್ತಿದ್ದರೆ ಮಾತ್ರ. ನೀವು ಹಾಕುವ ಗುಳಿಗೆ ಅಲುಗಾಡುವುದಿಲ್ಲ, ಹಾಗಾಗಿ ಅದರ ಕಣ್ಣಿಗೆ ಅದು ಊಟವೇ ಅಲ್ಲ. ಹಟ ಅಂತ ನಾವು ಅಂದುಕೊಳ್ಳುತ್ತೇವೆ ಅಷ್ಟೆ. ಎರಡು ಹೊತ್ತು ಉಂಡು ಸುಮ್ಮನಿರುವ ಮೀನೂ ಅಲ್ಲ ಇದು, ಅಂಗಳದ ಕೋಳಿ ಥರ ಬೆಳಗಿನಿಂದ ಸಂಜೆವರೆಗೆ ಹೆಕ್ಕುತ್ತಲೇ ಇರಬೇಕು. ‘ಹಸಿವಾದರೆ ತಾನೇ ತಿನ್ನುತ್ತೆ’ ಅನ್ನುವ ಮಾತು ನಂಬಿ ಕಾದವರ ತೊಟ್ಟಿಯಲ್ಲಿ ಇದು ಸಾಮಾನ್ಯವಾಗಿ ನಿಧಾನಕ್ಕೆ ಸೊರಗಿ ಸಾಯುತ್ತದೆ.

ಮೊದಲು ಹೊಟ್ಟೆ ನೋಡಿ. ಹೊಟ್ಟೆ ಒಳಗೆ ಹೋಗಿದೆಯಾ, ಮೇಲಿನಿಂದ ನೋಡಿದರೆ ತಲೆಯ ಹಿಂದೆ ಮೈ ಕಿರಿದಾಗಿ ಬೆನ್ನು ಏಣಿನ ಹಾಗೆ ಎದ್ದಿದೆಯಾ? ಹಾಗಿದ್ದರೆ ತಡ ಮಾಡಬೇಡಿ. ಆಮೇಲೆ ರಾತ್ರಿ ಲೈಟ್ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ಗಾಜನ್ನು ಪರೀಕ್ಷಿಸಿ. ಬಿಳಿ ಚುಕ್ಕೆಗಳು ಚಕ್ ಚಕ್ ಅಂತ ಓಡಾಡುತ್ತಿದ್ದರೆ ಕೋಪಿಪಾಡ್ ಇದೆ ಅಂತ ಅರ್ಥ. ಗಾಜು ಖಾಲಿ ಇದ್ದರೆ ನಿಮ್ಮ ಮೀನಿನ ತಟ್ಟೆಯೂ ಖಾಲಿ.

ನಿಮ್ಮಲ್ಲಿ ಬಹುಶಃ ಖಾಲಿಯೇ ಇರುತ್ತದೆ. ಮೂರು ತಿಂಗಳ ತೊಟ್ಟಿ ಇನ್ನೂ ಎಳಸು, ಕಲ್ಲಿನ ಸಂದಿಗಳಲ್ಲಿ ಈ ಜೀವಿಗಳು ಬೇರೂರಿರುವುದಿಲ್ಲ. ಅದರ ಮೇಲೆ ಸಿಕ್ಸ್‌ಲೈನ್ ರಾಸ್ ಬೇರೆ. ಅದೂ ಇದೇ ಆಹಾರ ತಿನ್ನುತ್ತದೆ, ಮ್ಯಾಂಡರಿನ್ ಗುರಿ ಇಡುವಷ್ಟರಲ್ಲಿ ಎರಡು ಸಲ ತಿಂದಿರುತ್ತದೆ. ನನ್ನ ಮಾತು ಕೇಳುವುದಾದರೆ ಇಬ್ಬರಲ್ಲಿ ಒಬ್ಬರು ಆ ತೊಟ್ಟಿಯಿಂದ ಹೊರಗೆ ಹೋಗಬೇಕು. ಲೈವ್ ರಾಕ್ (ಸಣ್ಣ ಜೀವಿಗಳು ನೆಲೆಸಿದ ಕಲ್ಲು) ಧಾರಾಳವಾಗಿರುವ, ವರ್ಷ ತುಂಬಿದ ದೊಡ್ಡ ತೊಟ್ಟಿ ಇರುವ ಪರಿಚಯದವರಿದ್ದರೆ ಮ್ಯಾಂಡರಿನ್ ಅಲ್ಲಿಗೇ ಹೋಗಲಿ. ಅದು ಸೋಲು ಅಂತ ಬೇಜಾರು ಮಾಡಿಕೊಳ್ಳಬೇಡಿ.

ಇಟ್ಟುಕೊಳ್ಳಲೇಬೇಕು ಅಂದರೆ ಇವತ್ತೇ ಬ್ರೈನ್ ಶ್ರಿಂಪ್ ಅನ್ನುವ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯ ಮೊಟ್ಟೆ ಮರಿ ಮಾಡಲು ಇಡಿ. ಉಪ್ಪುನೀರು, ಸುಮಾರು 28 ಡಿಗ್ರಿ ಬಿಸಿ, ಬೆಳಕು, ಬಿಡದೆ ಗಾಳಿಯ ಗುಳ್ಳೆ ಇದ್ದರೆ ಸುಮಾರು 24 ಗಂಟೆಯಲ್ಲಿ ಕಿತ್ತಳೆ ಬಣ್ಣದ ಮರಿ ಬರುತ್ತವೆ. ಗಾಳಿ ನಿಲ್ಲಿಸಿ ಒಂದು ಕಡೆಯಿಂದ ಟಾರ್ಚ್ ಹಿಡಿದರೆ ಮರಿಗಳು ಬೆಳಕಿನ ಕಡೆ ಗುಂಪು ಸೇರುತ್ತವೆ, ಖಾಲಿ ಚಿಪ್ಪು ಮೇಲೆ ತೇಲುತ್ತವೆ. ಚಿಪ್ಪು ಬರದ ಹಾಗೆ ಮರಿಗಳನ್ನಷ್ಟೇ ಎಳೆದು, ಸಣ್ಣ ಜಾಲರಿಯಲ್ಲಿ ಸೋಸಿ, ಆಗಲೇ ಕೊಡಿ. ಹೊತ್ತು ಕಳೆದಂತೆ ಮರಿಯ ಒಳಗಿನ ಸತ್ವ ಖರ್ಚಾಗುತ್ತದೆ, ಆಮೇಲೆ ಅದು ಬರೀ ಹೊಟ್ಟು. ಮೀನನ್ನು ತೊಟ್ಟಿಯೊಳಗೇ ಜಾಲರಿ ಡಬ್ಬಿಯಲ್ಲಿ ಬಿಟ್ಟು ತಿನ್ನಿಸಿದರೆ ರಾಸ್ ಕಾಟ ಇರುವುದಿಲ್ಲ, ಎಷ್ಟು ತಿಂದಿತು ಅಂತ ನಿಮಗೂ ಗೊತ್ತಾಗುತ್ತದೆ. ಚೆನ್ನಾಗಿ ತಿನ್ನತೊಡಗಿದ ಮೇಲೆ ಜೀವಂತ ಮರಿಗಳ ನಡುವೆ ಕರಗಿಸಿದ ಫ್ರೋಜನ್ ಆಹಾರ ಬೆರೆಸುತ್ತಾ ಹೋಗಿ. ಕೆಲವು ಮೀನು ಕಲಿಯುತ್ತವೆ, ಕೆಲವು ಜಪ್ಪಯ್ಯ ಅಂದರೂ ಇಲ್ಲ. ಸಾಕಣೆಯಲ್ಲೇ ಹುಟ್ಟಿದ ಮ್ಯಾಂಡರಿನ್‌ಗಳೂ ಮಾರಾಟಕ್ಕೆ ಬರುತ್ತವೆ, ಅವು ಇಂಥ ಆಹಾರಕ್ಕೆ ಬೇಗ ಒಗ್ಗುತ್ತವೆ. ಮುಂದಿನ ಸಲ ಅದನ್ನೇ ಕೇಳಿ ತನ್ನಿ, ಮತ್ತೆ ದುಡ್ಡು ಕೊಡುವ ಮೊದಲು ನಿಮ್ಮ ಕಣ್ಣೆದುರೇ ತಿನ್ನಿಸಿ ತೋರಿಸಲು ಹೇಳಿ.

ಪ್ರಶ್ನೆ: ಬಾಟಲಿ ಬಾಟಲಿ ಕೋಪಿಪಾಡ್ ತಂದು ಸುರಿದರೂ ವಾರದಲ್ಲಿ ಮಾಯ. ತೊಟ್ಟಿಯಲ್ಲೇ ಹೆಚ್ಚುವಂತೆ ಮಾಡಬಹುದಾ?

ಉತ್ತರ: ಮಾಡಬಹುದು, ಆದರೆ ಅವಕ್ಕೆ ಅಡಗಲು ಜಾಗ ಬೇಕು. ಹಗಲು ಹೊತ್ತಿನಲ್ಲಿ, ಪಂಪು ಓಡುವಾಗ ಸುರಿದರೆ ಅರ್ಧ ಮೀನಿನ ಬಾಯಿಗೆ, ಅರ್ಧ ಫಿಲ್ಟರ್ ಬಟ್ಟೆಗೆ. ರಾತ್ರಿ ಲೈಟ್ ಆರಿದ ಮೇಲೆ ಪಂಪು ಸ್ವಲ್ಪ ಹೊತ್ತು ನಿಲ್ಲಿಸಿ ಕಲ್ಲಿನ ಬುಡದಲ್ಲಿ ಬಿಡಿ. ಜಾತಿಯೂ ಮುಖ್ಯ. ಟಿಸ್ಬೆ ಅನ್ನುವುದು ಚಿಕ್ಕದು, ಸಂದಿಯಲ್ಲೇ ಇದ್ದು ಸಂಸಾರ ಹೂಡುತ್ತದೆ. ಟಿಗ್ರಿಯೋಪಸ್ ದೊಡ್ಡದು, ಕೆಂಪಗಿರುತ್ತದೆ, ಎದ್ದು ಕಾಣುತ್ತದೆ, ಹಾಗಾಗಿ ಬೇಗ ಊಟವಾಗುತ್ತದೆ. ಮೀನಿಗೆ ಸಿಗದ ಒಂದು ಕೋಣೆ ಮಾಡಿಕೊಡುವುದೇ ಗಟ್ಟಿ ದಾರಿ, ಅದನ್ನೇ ರೆಫ್ಯೂಜಿಯಂ ಅನ್ನುವುದು. ಸಂಪ್‌ನಲ್ಲಿ, ಅಂದರೆ ಅಕ್ವೇರಿಯಂ ಕೆಳಗೆ ಇಡುವ ಫಿಲ್ಟರ್ ತೊಟ್ಟಿಯಲ್ಲಿ, ಒಂದು ಭಾಗ ಬೇರೆ ಮಾಡಿ ಕೀಟೋ ಪಾಚಿಯ ಉಂಡೆ, ಒಂದಿಷ್ಟು ಕಲ್ಲಿನ ಚೂರು ಹಾಕಿ ರಾತ್ರಿ ಹೊತ್ತು ಬೆಳಕು ಕೊಡಿ. ಅಲ್ಲಿ ಹುಟ್ಟಿದವು ನೀರಿನ ಜೊತೆ ಮೇಲಿನ ತೊಟ್ಟಿಗೆ ಬರುತ್ತಿರುತ್ತವೆ. ಅವಕ್ಕೂ ತಿನ್ನಲು ಬೇಕಲ್ವಾ, ಆಗಾಗ ಫೈಟೋಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮ ಪಾಚಿ) ಸ್ವಲ್ಪ ಸ್ವಲ್ಪ ಹಾಕಿ. ಜಾಸ್ತಿ ಹಾಕಿದರೆ ನೀರು ಕೆಡುತ್ತದೆ. ಕೋಣೆ ಸಿದ್ಧ ಮಾಡಿ ಕೆಲವು ತಿಂಗಳು ಕಳೆದು, ಗಾಜಿನ ಮೇಲೆ ರಾತ್ರಿ ಚುಕ್ಕೆಗಳು ತುಂಬಿದ ಮೇಲೇ ಮೀನು ತನ್ನಿ.

ಪ್ರಶ್ನೆ: ಒಂಟಿ ಮ್ಯಾಂಡರಿನ್‌ಗೆ ಜೊತೆ ತರಬಹುದಾ?

ಉತ್ತರ: ಗಂಡು ಹೆಣ್ಣು ಆದರೆ ಸರಿ. ಗಂಡಿನ ಬೆನ್ನಿನ ಮುಂದಿನ ರೆಕ್ಕೆಯಲ್ಲಿ ಮೊದಲ ಮುಳ್ಳು ಉದ್ದಕ್ಕೆ ಚಾಚಿಕೊಂಡಿರುತ್ತದೆ, ಹೆಣ್ಣಿಗೆ ಅದು ಇರುವುದಿಲ್ಲ. ಎರಡು ಗಂಡು ಒಂದೇ ತೊಟ್ಟಿಯಲ್ಲಿ ಸೇರಿದರೆ ಕಚ್ಚಾಟ, ಒಂದು ಸಾಯುವವರೆಗೂ ಹೋಗಬಹುದು. ಈಗಿರುವುದರ ಹೊಟ್ಟೆ ದುಂಡಗಿದ್ದು, ಹಾಗೇ ಉಳಿದಿದ್ದರೆ ಮಾತ್ರ ಎರಡನೆಯದರ ಯೋಚನೆ ಮಾಡಿ, ಯಾಕೆಂದರೆ ಅದು ಬಂದ ದಿನದಿಂದಲೇ ಕೋಪಿಪಾಡ್ ಖರ್ಚು ಎರಡರಷ್ಟಾಗುತ್ತದೆ.