ತಾಳಗುಪ್ಪ–ಹೊನ್ನಾವರ ರೈಲಿಗೆ ದುಡ್ಡಿಲ್ಲ ಅಂತಾರೆ, ಭೂತಾನ್–ನೇಪಾಳದ ರೈಲು ಸರ್ವೆಗೆ ಕೇಂದ್ರ ಯಾಕೆ ಖರ್ಚು ಮಾಡುತ್ತದೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಸಿಟ್ಟು ಒಟ್ಟಿಗಿವೆ. ತಾಳಗುಪ್ಪದಿಂದ ಮುಂದೆ ಹಳಿ ಹೋಗಲೇ ಇಲ್ಲ ಅನ್ನುವುದು ಒಂದು. ಭೂತಾನಿನಿಂದ ಅಡಿಕೆ ಬರುತ್ತಿರುವಾಗ ನಾವೇ ಅಲ್ಲಿಗೆ ರೈಲು ಹಾಕಿಕೊಡುತ್ತಿದ್ದೇವೆ ಅನ್ನುವುದು ಇನ್ನೊಂದು. ನಾನು ಸಾಗರದ ಕಡೆಯವನು. ರಸ್ತೆ, ಸೇತುವೆಗಳ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಬರೆಯುವುದೇ ಹೊಟ್ಟೆಪಾಡು. ಮನೆ ಕಡೆ ಸ್ವಲ್ಪ ಅಡಿಕೆ ತೋಟವೂ ಇದೆ. ಹಾಗಾಗಿ ಎರಡು ಸಿಟ್ಟೂ ನನಗೆ ಹೊಸದಲ್ಲ. ಆದರೆ ಅವೆರಡಕ್ಕೂ ಉತ್ತರ ಕೊಡಬೇಕಾದವರು ಬೇರೆ ಬೇರೆ ಇಲಾಖೆಯವರು.

ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡೋಣ. 2025–26ರ ಕೇಂದ್ರ ಬಜೆಟ್‌ನಲ್ಲಿ ಭೂತಾನ್‌ಗೆ 2,150 ಕೋಟಿ, ನೇಪಾಳಕ್ಕೆ 700 ಕೋಟಿ ರೂಪಾಯಿ ನೆರವು ಇಟ್ಟಿದ್ದರು. ಇದು ವಿದೇಶಾಂಗ ಸಚಿವಾಲಯದ ದುಡ್ಡು. ಅದೇ ವರ್ಷ ಕರ್ನಾಟಕದ ರೈಲ್ವೆ ಕೆಲಸಗಳಿಗೆ 7,564 ಕೋಟಿ, ಇದು ರೈಲ್ವೆ ಸಚಿವಾಲಯದ್ದು. ಒಂದರಲ್ಲಿ ಉಳಿದರೆ ಇನ್ನೊಂದಕ್ಕೆ ಹರಿದು ಬರುವ ಏರ್ಪಾಡು ಇಲ್ಲ. ಭೂತಾನ್ ನೆರವನ್ನು ನಾಳೆಯೇ ನಿಲ್ಲಿಸಿದರೂ ತಾಳಗುಪ್ಪಕ್ಕೆ ಹಳಿಯ ಕೆಳಗೆ ಹಾಕುವ ಒಂದು ಸ್ಲೀಪರ್ ಕೂಡ ಹೆಚ್ಚಿಗೆ ಬರುವುದಿಲ್ಲ.

ಇನ್ನು 'ಭೂತಾನ್ ರೈಲು' ಅಂತ ಪತ್ರಿಕೆಗಳು ಬರೆಯುವ ಆ ಮಾರ್ಗಗಳು ಬಹುಪಾಲು ಭೂತಾನಿನಲ್ಲೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾದದ್ದು ಎರಡು: ಅಸ್ಸಾಮಿನ ಕೊಕ್ರಝಾರ್‌ನಿಂದ ಭೂತಾನಿನ ಗೆಲೆಫುಗೆ 69 ಕಿ.ಮೀ., ಪಶ್ಚಿಮ ಬಂಗಾಳದ ಬನಾರ್‌ಹಟ್‌ನಿಂದ ಭೂತಾನಿನ ಸಮ್‌ತ್ಸೆಗೆ 20 ಕಿ.ಮೀ. ಎರಡೂ ಸೇರಿ 4,033 ಕೋಟಿ. ಗಡಿ ದಾಟಿದ ಮೇಲೆ ಇರುವುದು ಎರಡೂ ಕಡೆ ಎರಡೆರಡು ಕಿಲೋಮೀಟರ್ ಚಿಲ್ಲರೆ ಅಷ್ಟೇ. ನಮ್ಮ ನೆಲದ ಭಾಗಕ್ಕೆ ರೈಲ್ವೆ ದುಡ್ಡು, ಅವರ ನೆಲದ ತುಂಡಿಗೆ ವಿದೇಶಾಂಗದ ನೆರವು. ಅಸ್ಸಾಮಿನವರನ್ನು ಕೇಳಿದರೆ ಇದು ನಮ್ಮ ರೈಲು ಅಂತಲೇ ಹೇಳಿಯಾರು.

ಈಗ ನಿಮ್ಮ ಅಸಲು ಪ್ರಶ್ನೆ: ಕಟ್ಟುವುದಿರಲಿ, ಬರೀ ಯೋಜನೆ ರೂಪಿಸುವುದಕ್ಕೂ ನಾವೇ ಯಾಕೆ ದುಡ್ಡು ಕೊಡಬೇಕು?

ಸರ್ವೆಗೆ ದುಡ್ಡು ಹಾಕಿದವನೇ ಹಳಿಯ ಅಗಲ ನಿರ್ಧರಿಸುತ್ತಾನೆ, ಅದಕ್ಕೆ. ಅಗಲ ಹಳಿಯ ಬ್ರಾಡ್‌ಗೇಜ್ ಶಿವಮೊಗ್ಗಕ್ಕೇ ನಿಂತು, ಅಲ್ಲಿಂದ ತಾಳಗುಪ್ಪಕ್ಕೆ ಕಿರಿದಾದ ಮೀಟರ್‌ಗೇಜ್ ಹಳಿಯ ಮೇಲೆ ರೈಲ್‌ಬಸ್ ಓಡುತ್ತಿದ್ದ ಕಾಲ ನೆನಪಿರುವವರಿಗೆ ಗೇಜ್ ಬೇರೆಯಾದರೆ ಏನಾಗುತ್ತದೆ ಅಂತ ವಿವರಿಸಬೇಕಿಲ್ಲ. ನೇಪಾಳದಲ್ಲಿ ಈಗ ಇರುವುದು ಅದೇ ಪ್ರಶ್ನೆ, ದೊಡ್ಡ ಪ್ರಮಾಣದಲ್ಲಿ. ಉತ್ತರದಿಂದ ಟಿಬೆಟ್‌ನ ಕೆರುಂಗ್–ಕಠ್ಮಂಡು ಮಾರ್ಗದ ಕಾರ್ಯಸಾಧ್ಯತಾ ಅಧ್ಯಯನಕ್ಕೆ ಚೀನಾ ದುಡ್ಡು ಕೊಟ್ಟಿದೆ. ದಕ್ಷಿಣದಿಂದ ಬಿಹಾರದ ರಕ್ಸೌಲ್–ಕಠ್ಮಂಡು ಮಾರ್ಗದ ಸರ್ವೆ ಖರ್ಚು ಭಾರತದ್ದು. 2018ರಲ್ಲಿ ಒಪ್ಪಿಕೊಂಡು, ಅಂತಿಮ ಸ್ಥಳ ಸರ್ವೆಯ ಒಪ್ಪಂದಕ್ಕೆ 2021ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದರು. ಚೀನಾದ ಹಳಿ 1,435 ಮಿಲಿಮೀಟರ್ ಅಗಲ, ನಮ್ಮದು 1,676. ಯಾರ ನಕ್ಷೆ ಮೊದಲು ಮೇಜಿಗೆ ಬರುತ್ತದೋ ಅವರ ವ್ಯಾಗನ್ನು, ಅವರ ಎಂಜಿನ್ನು, ಅವರ ಬಂದರು. ನಕ್ಷೆ ಬರೆಸುವ ಖರ್ಚು ಹಳಿ ಹಾಕುವ ಖರ್ಚಿನ ಮುಂದೆ ಏನೇನೂ ಅಲ್ಲ.

ಅಂದಹಾಗೆ, ರಕ್ಸೌಲ್–ಕಠ್ಮಂಡು ಸರ್ವೆ ವಹಿಸಿದ್ದು ಕೊಂಕಣ ರೈಲ್ವೆಗೆ. ಹೊನ್ನಾವರ ಸ್ಟೇಷನ್ ನಡೆಸುವ ಅದೇ ಸಂಸ್ಥೆ! ಬಿಹಾರದ ಜಯನಗರ ಮತ್ತು ನೇಪಾಳದ ಕುರ್ಥಾ ನಡುವೆ 2022ರ ಏಪ್ರಿಲ್‌ನಲ್ಲಿ ಶುರುವಾದ ನೇಪಾಳದ ರೈಲಿಗೆ ಡೀಸೆಲ್‌ನಲ್ಲಿ ಓಡುವ ಡೆಮು ಗಾಡಿ ಒದಗಿಸಿದ್ದೂ ಅವರೇ. ಸಮುದ್ರಮಟ್ಟದಿಂದ ನೂರು ಮೀಟರೂ ಇಲ್ಲದ ರಕ್ಸೌಲ್‌ನಿಂದ ಸುಮಾರು 1,300 ಮೀಟರ್ ಎತ್ತರದ ಕಠ್ಮಂಡುವಿಗೆ ನೂರನಲವತ್ತು ಕಿ.ಮೀ. ಆಸುಪಾಸಿನಲ್ಲಿ ಹತ್ತಬೇಕು. ಘಟ್ಟ ಕೊರೆದು ಅನುಭವ ಇರುವವರೇ ಬೇಕಾಗುತ್ತದೆ.

'ಬರೀ ಕಾಗದಕ್ಕೆ ಕೋಟಿಗಟ್ಟಲೆ ಯಾಕೆ' ಅಂತಲೂ ಕೇಳಿದ್ದೀರಿ. ಈ ಮಾತು ನಾನು ಕಚೇರಿಯಲ್ಲಿ ದಿನಾ ಕೇಳುತ್ತೇನೆ, ಸ್ವಲ್ಪ ಉರಿಯುತ್ತದೆ ಕೂಡ. ಕಾಗದದ ಕೆಲಸದಲ್ಲಿ ಉಳಿಸಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಭೂತಾನಿನಲ್ಲೇ ಪುನಾತ್ಸಾಂಗ್‌ಛು–1 ಇದೆ. 1,200 ಮೆಗಾವಾಟ್ ಜಲವಿದ್ಯುತ್ ಯೋಜನೆ, 2007ರ ಒಪ್ಪಂದ, ಭಾರತದಿಂದ ಶೇ 40 ಅನುದಾನ, ಶೇ 60 ಸಾಲ. 2013ರ ಜುಲೈನಲ್ಲಿ ಅಣೆಕಟ್ಟಿನ ಜಾಗದ ಬಲದಂಡೆಯ ಗುಡ್ಡ ಜಾರಿತು. ಆಮೇಲೆ ಹಿಡಿದು ನಿಲ್ಲಿಸಲು ಏನೆಲ್ಲ ಮಾಡಿದರೂ ಮತ್ತೆ ಜಾರಿತು. ಸುಮಾರು 3,500 ಕೋಟಿಯ ಅಂದಾಜು 9,000 ಕೋಟಿ ದಾಟಿತು. 2007ರ ಆ ಒಪ್ಪಂದದ ನಂತರ ಒಪ್ಪಿಕೊಂಡ 720 ಮೆಗಾವಾಟ್‌ನ ಮಾಂಗ್ಡೆಛು 2019ರಲ್ಲೇ ಉದ್ಘಾಟನೆಯಾಯಿತು; ಪಕ್ಕದ ಪುನಾತ್ಸಾಂಗ್‌ಛು–2 ಕೂಡ 2025ರ ನವೆಂಬರ್‌ನಲ್ಲಿ ಆಯಿತು; ಮೊದಲನೆಯದು ಹಾಗೇ ಉಳಿಯಿತು. ಜಾಗದ ಭೂವಿಜ್ಞಾನ ಮೊದಲೇ ಇನ್ನಷ್ಟು ಆಳಕ್ಕೆ ನೋಡಿದ್ದರೆ ಅಣೆಕಟ್ಟನ್ನು ಬೇರೆಡೆ ಸರಿಸಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ. ನೆಲದಡಿಯ ಬಂಡೆ ಪರೀಕ್ಷಿಸುವ ಇನ್ನೊಂದಿಷ್ಟು ಬೋರ್‌ಹೋಲ್, ಇನ್ನೊಂದೆರಡು ಮಳೆಗಾಲದ ಗಮನ. ಅದರ ಖರ್ಚನ್ನೂ ಆಮೇಲೆ ಏರಿದ ಐದಾರು ಸಾವಿರ ಕೋಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹಾಗಂತ ಸರ್ವೆ ಮಾಡಿದ ಕೂಡಲೇ ಯೋಜನೆ ಬಂದೇಬಿಡುತ್ತದೆ ಅಂತಲೂ ಇಲ್ಲ. ಮಹಾಕಾಳಿ ನದಿಯ ಪಂಚೇಶ್ವರ ಅಣೆಕಟ್ಟಿಗೆ ಭಾರತ–ನೇಪಾಳ ಒಪ್ಪಂದವಾದದ್ದು 1996ರಲ್ಲಿ. ನೀರು ಹಂಚಿಕೆ, ಲಾಭದ ಲೆಕ್ಕ ಅಂತ ಡಿಪಿಆರ್ ಹಂತದಲ್ಲೇ ದಶಕಗಳು ಕಳೆದವು. ಗಡಿ ರೈಲುಗಳ ಅಧ್ಯಯನಕ್ಕೆ ಭೂತಾನ್ ಜೊತೆ ಒಡಂಬಡಿಕೆಯಾದದ್ದೂ 2005ರಲ್ಲಿ. ಕಾಮಗಾರಿಯ ಘೋಷಣೆಗೆ ಇಪ್ಪತ್ತು ವರ್ಷ ಹಿಡಿಯಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಸರ್ವೆ ಅನ್ನುವುದು ಮುಗ್ಧ ಕೆಲಸವೇನಲ್ಲ. ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗೆ ಸಿಂಗಳೀಕ ಅಭಯಾರಣ್ಯದೊಳಗೆ ಬೋರ್‌ಹೋಲ್ ಕೊರೆಯಲು ಬಂದಾಗ 'ಇದು ಬರೀ ಪರೀಕ್ಷೆ' ಅಂದಿದ್ದರು. ನಮ್ಮ ಜನ ನಂಬಲಿಲ್ಲ, ನಂಬದೇ ಇದ್ದದ್ದು ಸರಿಯೇ. ಒಮ್ಮೆ ಖರ್ಚು ಮಾಡಿದ ಮೇಲೆ 'ಇಷ್ಟು ಹಾಕಿದ್ದೇವಲ್ಲ' ಅನ್ನುವ ವಾದ ಶುರುವಾಗುತ್ತದೆ. ಗೆಲೆಫುವಿನ ಕಡೆಯವರಿಗೂ, ಕಠ್ಮಂಡುವಿನವರಿಗೂ ನಮ್ಮ ದುಡ್ಡಿನ ಬಗ್ಗೆ ಇಂಥದೇ ಅನುಮಾನ ಇದ್ದರೆ ಆಶ್ಚರ್ಯವಿಲ್ಲ.

ಸರಿ, ಅಡಿಕೆಗೆ ಬರೋಣ. ಸಮ್‌ತ್ಸೆಯೂ, ಗೆಲೆಫು ಇರುವ ಸರ್ಪಾಂಗ್ ಜಿಲ್ಲೆಯೂ ಭೂತಾನಿನ ಅಡಿಕೆ ಬೆಳೆಯುವ ಸೀಮೆಗಳೇ, ಹಾಗಾಗಿ ನಿಮ್ಮ ಅನುಮಾನ ತೀರಾ ಗಾಳಿಮಾತಲ್ಲ. ಆದರೆ ಬಾಗಿಲು ತೆರೆದದ್ದು ರೈಲಲ್ಲ. 2022ರ ಸೆಪ್ಟೆಂಬರ್‌ನಲ್ಲಿ, ಹಳಿಯ ಸುದ್ದಿ ಜೋರಾಗುವ ಮೊದಲೇ, ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತು: ಪಶ್ಚಿಮ ಬಂಗಾಳದ ಗಡಿಯ ಜೈಗಾಂವ್ ಸುಂಕದ ಕಟ್ಟೆಯ ಮೂಲಕ ಭೂತಾನಿನಿಂದ ಬರುವ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಆಮದು ಬೆಲೆ (ಇದಕ್ಕಿಂತ ಅಗ್ಗಕ್ಕೆ ತರುವಂತಿಲ್ಲ ಅನ್ನುವ ಮಿತಿ) ಅನ್ವಯಿಸುವುದಿಲ್ಲ ಅಂತ. ಆಗ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಬೆಳೆಗಾರರು ಕೂಗೆಬ್ಬಿಸಿದ್ದು ಇದಕ್ಕೇ. ಮುಂದಿನ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು.

ಹಸಿ ಅಡಿಕೆ ನಮ್ಮ ರಾಶಿ, ಬೆಟ್ಟೆಯಂಥ ಒಣ ಅಡಿಕೆಗೆ ನೇರ ಪೈಪೋಟಿ ಕೊಡುವ ಮಾಲಲ್ಲ. ನನಗೆ ಹೆದರಿಕೆ ಇರುವುದು ಬೇರೆ ದೇಶದ ಒಣ ಅಡಿಕೆ ಭೂತಾನಿನ ಹೆಸರಲ್ಲಿ ನುಸುಳುವುದರ ಬಗ್ಗೆ. ಅದು ಲಾರಿಯಲ್ಲೂ ಬರಬಹುದು, ವ್ಯಾಗನ್‌ನಲ್ಲೂ ಬರಬಹುದು. ತಡೆಯಬೇಕಾದದ್ದು ಸುಂಕದ ಕಟ್ಟೆಯಲ್ಲಿ. ಮನವಿ ಕೊಡುವುದಿದ್ದರೆ ವಾಣಿಜ್ಯ ಸಚಿವಾಲಯಕ್ಕೆ ಕೊಡಿ, ಮಾಲು ಯಾವ ದೇಶದ್ದು ಅಂತ ಹೇಳುವ ಮೂಲ ಪ್ರಮಾಣಪತ್ರದ ತಪಾಸಣೆ ಬಿಗಿ ಮಾಡಿ ಅಂತ ಕೇಳಿ. ರೈಲು ನಿಲ್ಲಿಸಿ ಅಂದರೆ ಅಲ್ಲಿ ಯಾರೂ ಓದುವುದೂ ಇಲ್ಲ. ಎಲೆಚುಕ್ಕಿ ರೋಗಕ್ಕೆ ತೋಟ ಅರ್ಧ ಬೋಳಾಗಿರುವಾಗ ಸಿಟ್ಟನ್ನು ತಪ್ಪು ವಿಳಾಸಕ್ಕೆ ಕಳಿಸುವಷ್ಟು ಪುರುಸೊತ್ತು ನಮಗಿಲ್ಲ.

ತಾಳಗುಪ್ಪ–ಹೊನ್ನಾವರದ ತೊಡಕು ದುಡ್ಡಿಗಿಂತ ಮೊದಲು ಕಾಡಿನದು, ಘಟ್ಟದ್ದು. ಐನೂರು ಮೀಟರಿಗೂ ಹೆಚ್ಚು ಇಳಿಯಬೇಕು, ಅದೂ ಶರಾವತಿ ಕಣಿವೆಯ ಆಸುಪಾಸಿನಲ್ಲೇ. ಈ ಮಾರ್ಗ ಬೇಕೇಬೇಕು ಅನ್ನುವ ಗುಂಪಿನಲ್ಲಿ ನಾನಿಲ್ಲ, ಬೈಸಿಕೊಳ್ಳಲು ಸಿದ್ಧ. ಆದರೆ ಅದು ಯಾವ ಹಂತದಲ್ಲಿದೆ ಅಂತ ತಿಳಿಯುವ ಹಕ್ಕು ನಿಮಗಿದೆ. ಬಜೆಟ್ ಜೊತೆ ರೈಲ್ವೆಯವರು ಹೊರಡಿಸುವ ಪಿಂಕ್ ಬುಕ್, ಅಂದರೆ ಯಾವ ಕೆಲಸಕ್ಕೆ ಎಷ್ಟು ದುಡ್ಡು ಅನ್ನುವ ಪಟ್ಟಿ, ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಅದರ ನೈಋತ್ಯ ರೈಲ್ವೆ ಭಾಗದಲ್ಲಿ ಹೊಸ ಮಾರ್ಗಗಳ ಹಾಗೂ ಸರ್ವೆಗಳ ಪಟ್ಟಿ ನೋಡಿ. ಹೆಸರಿದ್ದು ಎದುರಿಗೆ ಸಾವಿರ ರೂಪಾಯಿಯಂಥ ಪುಡಿ ಮೊತ್ತ ಇದ್ದರೆ, ಕಡತ ಜೀವಂತ ಇದೆ, ಕೆಲಸ ಇಲ್ಲ ಅಂತ ತಿಳಿಯಿರಿ. ಸರ್ವೆ ವರದಿಯ ಪ್ರತಿ ಬೇಕಾದರೆ ಹುಬ್ಬಳ್ಳಿಯ ವಲಯ ಕಚೇರಿಗೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಅರ್ಜಿ ಹಾಕಿ. 'ಎಲ್ಲ ಮಾಹಿತಿ ಕೊಡಿ' ಅಂತ ಬರೆಯಬೇಡಿ. ಸರ್ವೆಯ ವರ್ಷ, ಅಂದಾಜು ವೆಚ್ಚ, ಹಾಕಿದ ದುಡ್ಡಿಗೆ ಬರುವ ಆದಾಯದ ದರ ಮೂರನ್ನೂ ಬಿಡಿಬಿಡಿಯಾಗಿ ಕೇಳಿ.