ಕೊಡಗಿನಲ್ಲಿ ಕ್ಯಾಂಪರ್ ವ್ಯಾನ್ (ಒಳಗೇ ಮಲಗುವ ವ್ಯವಸ್ಥೆ ಇರುವ ಗಾಡಿ) ನಿಲ್ಲಿಸಿ ನೀರಿನ ಪಕ್ಕ ರಾತ್ರಿ ಕಳೆಯಬಹುದಾ?

ಕಳೆಯಬಹುದು, ಆದರೆ ಕಂಡಕಂಡಲ್ಲಿ ಅಲ್ಲ. ಹಾರಂಗಿ, ಚಿಕ್ಲಿಹೊಳೆ ಎರಡೂ ಅಣೆಕಟ್ಟಿನ ಹಿನ್ನೀರು. ಸುತ್ತಮುತ್ತ ಆನೆ ಓಡಾಟ ಇದೆ. ಅನುಮತಿ ಇಲ್ಲದೆ ದಡದಲ್ಲಿ ಸುಮ್ನೆ ಟೆಂಟ್ ಹೊಡೆಯಬೇಡಿ. ಹತ್ತಿರದ ಹೋಂಸ್ಟೇಯವರನ್ನೋ ತೋಟದವರನ್ನೋ ಕೇಳಿ, ಅವರ ಕಣದಲ್ಲಿ ಗಾಡಿ ನಿಲ್ಲಿಸುವುದೇ ವಾಸಿ. ಆದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಣದ ತುಂಬ ಕಾಫಿ ಒಣಗಲು ಹರಡಿರುತ್ತಾರೆ, ಮೊದಲೇ ಫೋನ್ ಮಾಡಿ.

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ದಡ ಒಣಗಿದ ಹಾಗೆ ಕಾಣುತ್ತದೆ. ನಂಬಬೇಡಿ. ನಾನೊಮ್ಮೆ ನಂಬಿ ಗಾಡಿ ಇಳಿಸಿದೆ. ಮೇಲೆ ಹಪ್ಪಳದಂಥ ಪದರ, ಕೆಳಗೆ ಅಂಬಲಿ! ಹಿಂದಿನ ಎರಡೂ ಚಕ್ರ ಹೂತವು. ಬೆಳಿಗ್ಗೆ ತೋಟದ ಟ್ರ್ಯಾಕ್ಟರ್ ಬಂದು ಎಳೆಯುವವರೆಗೂ ಓರೆಯಾಗಿಯೇ ಮಲಗಿದ್ದೆವು.

ಕರೆಂಟ್ ಬೇಕಿದ್ದರೆ 16 ಆಂಪಿಯರ್ ಸಾಕೆಟ್ ಇದೆಯಾ ಕೇಳಿ. ಮಾಮೂಲಿ 6 ಆಂಪಿಯರ್‌ನಲ್ಲಿ ಎಸಿ, ಕೆಟಲ್ ಎರಡೂ ಹಾಕುವ ಹಾಗಿಲ್ಲ. ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವ ಜಾಗವನ್ನೂ ವಿಚಾರಿಸಿ, ಈ ಹಿನ್ನೀರೇ ಮುಂದೆ ಕಾವೇರಿ ಸೇರುವುದು ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯೇ ಬೇಡ. ಮಳೆಗಿಂತ ಜಿಗಣೆ ಕಾಟ ಜಾಸ್ತಿ.