ಕೇಳಿದ್ದು ತಪ್ಪಲ್ಲ, ಸದ್ಯಕ್ಕೆ ವುಝೂ ಮಾಡಿಕೊಳ್ಳಿ

ಪ್ರಶ್ನೆ: ನಾನು ಶಾಫಿಈ ಮದ್ಹಬ್‌ನಲ್ಲಿ (ಇಸ್ಲಾಮಿನ ಒಂದು ಕರ್ಮಶಾಸ್ತ್ರ ಪಂಥ) ಬೆಳೆದವಳು, ಗಂಡ ಇನ್ನೊಂದು ಮದ್ಹಬ್‌ನವರು, ಹನಫಿ. ವುಝೂ (ನಮಾಝ್‌ಗೆ ಮುನ್ನ ಕೈಕಾಲು, ಮುಖ ತೊಳೆಯುವ ಶುದ್ಧಿ) ಮಾಡಿ ಬಂದಾಗ ಅವರ ಕೈ ತಾಗಿದರೆ ಅದು ಮುರಿಯಿತೆಂದು ಮತ್ತೆ ನಲ್ಲಿಯತ್ತ ಓಡುತ್ತೇನೆ, ಅವರು ನಗುತ್ತಾರೆ. ಮೊನ್ನೆ ಮೊಬೈಲ್‌ನಲ್ಲಿ ಒಂದು ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಓದಿದೆ. ರಾತ್ರಿ ನಮಾಝ್‌ನಲ್ಲಿ ಸುಜೂದ್‌ಗೆ (ಹಣೆ ನೆಲಕ್ಕಿಡಲು) ಹೋಗುವಾಗ ಪ್ರವಾದಿಯವರು ಎದುರು ಮಲಗಿದ್ದ ಪತ್ನಿ ಆಯಿಶಾರನ್ನು ಮುಟ್ಟಿ ಕಾಲು ಮಡಚಿಕೊಳ್ಳಲು ಸೂಚಿಸುತ್ತಿದ್ದರಂತೆ. ಹಾಗಾದರೆ ಮುಟ್ಟಿದರೆ ವುಝೂ ಹೇಗೆ ಮುರಿಯುತ್ತದೆ ಎಂದು ನಮ್ಮ ಧರ್ಮಗುರು ಉಸ್ತಾದರಲ್ಲಿ ಕೇಳಿದೆ. ‘ಇಮಾಮರಿಗಿಂತ ನೀನು ದೊಡ್ಡವಳಾ?’ ಅಂದುಬಿಟ್ಟರು. ಈಗ ವುಝೂ ಮಾಡಿದರೂ ಅಳುಕು, ಬಿಟ್ಟರೂ ಅಳುಕು.

ಉತ್ತರ: ಉಸ್ತಾದರದು ಗದರಿಕೆ, ಉತ್ತರವಲ್ಲ. ಉತ್ತರ ಇತ್ತು, ಅದೇ ಬೇಸರ. ನೀವು ಓದಿದ ಹದೀಸ್ ಪ್ರಮಾಣಭೂತ ಹದೀಸ್ ಸಂಗ್ರಹವಾದ ಬುಖಾರಿಯಲ್ಲೇ ಇದೆ. ಶಾಫಿಈ ವಿದ್ವಾಂಸರು ಅದನ್ನು ಕಾಣದೆ ಹೋದವರಲ್ಲ. ನಡುವೆ ಬಟ್ಟೆ ಇದ್ದಿರಬಹುದು ಎನ್ನುತ್ತಾರೆ ಅವರು. ನಿಮಗೆ ಒಪ್ಪಿಗೆಯಾಗದಿರಬಹುದು, ಆದರೆ ಅದೂ ಒಂದು ವಾದ. ಭಿನ್ನಾಭಿಪ್ರಾಯದ ಬೇರು ಕುರ್‌ಆನ್‌ನ ಅಲ್ ಮಾಇದ ಅಧ್ಯಾಯದ 6ನೇ ಆಯತ್‌ನಲ್ಲಿದೆ (ವಚನ). ‘ಸ್ತ್ರೀಯರನ್ನು ಮುಟ್ಟಿದ್ದರೆ’ ಎಂಬಲ್ಲಿ ನಿಮ್ಮ ಮದ್ಹಬ್‌ನ ಮೂಲಪುರುಷ ಇಮಾಮ್ ಶಾಫಿಈ ಚರ್ಮಕ್ಕೆ ಚರ್ಮ ತಾಗುವುದೆಂದೇ ಓದಿದರು, ಹನಫಿಗಳ ಇಮಾಮ್ ಅಬೂ ಹನೀಫಾ ದಾಂಪತ್ಯದ ಕೂಟವೆಂದು ಓದಿದರು. ಇಮಾಮ್ ಮಾಲಿಕರನ್ನು ಅನುಸರಿಸುವ ಮಾಲಿಕೀಗಳು ಸುಖದ ಆಸೆಯಿಂದ ಮುಟ್ಟಿದರೆ ಮಾತ್ರ ವುಝೂ ಮುರಿಯುತ್ತದೆ ಅಂದರು. ಒಂದೇ ಪದ, ಮೂರು ದಾರಿ. ಹಾಗಾಗಿ ನಿಮ್ಮ ಗಂಡ ನಗುವಂಥದ್ದೂ ಇದರಲ್ಲಿ ಏನಿಲ್ಲ.

ಇನ್ನು ‘ದೊಡ್ಡವಳಾ’ ಎಂಬ ಮಾತು. ಇಮಾಮ್ ಶಾಫಿಈ ತಮ್ಮ ಗುರು ಮಾಲಿಕರನ್ನೇ ಒಪ್ಪದೆ ಬರೆದವರು. ಈಜಿಪ್ಟಿಗೆ ಹೋದ ಮೇಲೆ ಇರಾಕಿನಲ್ಲಿ ತಾವೇ ಹೇಳಿದ್ದ ಎಷ್ಟೋ ಅಭಿಪ್ರಾಯಗಳನ್ನು ಬದಲಿಸಿಕೊಂಡರು. ಅವರ ಶಿಷ್ಯ ಮುಝನಿಯಂತೂ ತಮ್ಮ ಗ್ರಂಥದ ಮೊದಲಲ್ಲೇ, ತನ್ನನ್ನಾಗಲಿ ಬೇರೆಯವರನ್ನಾಗಲಿ ತಖ್ಲೀದ್ (ಕುರುಡು ಅನುಸರಣೆ) ಮಾಡಬೇಡಿ ಎಂದು ಗುರುಗಳು ತಡೆದಿದ್ದರು ಅಂತ ಬರೆದಿಟ್ಟಿದ್ದಾರೆ. ದಲೀಲ್ (ಆಧಾರ) ಕೇಳಿದ್ದಕ್ಕೆ ನೀವು ನಾಚಬೇಕಿಲ್ಲ.

ಹಾಗೆಂದು ಒಂದು ಅನುವಾದ ಓದಿದ್ದನ್ನು ಇಜ್ತಿಹಾದ್ (ಮೂಲ ಆಧಾರಗಳಿಂದ ವಿದ್ವಾಂಸರು ತೀರ್ಮಾನಕ್ಕೆ ಬರುವುದು) ಅಂದುಕೊಳ್ಳಬೇಡಿ. ಆ ಹದೀಸ್‌ನ ಪಕ್ಕದಲ್ಲಿ ಏನಿದೆ, ಅರಬಿಯಲ್ಲಿ ಆಯತ್‌ನ ಆ ‘ಮುಟ್ಟು’ ಪದ ಎಲ್ಲೆಲ್ಲಿ ಹೇಗೆ ಬಳಕೆಯಾಗಿದೆ, ನಿಮಗೂ ಗೊತ್ತಿಲ್ಲ, ನನಗೂ ಅಷ್ಟಕ್ಕಷ್ಟೆ. ಸದ್ಯ ನಿಮ್ಮ ಪದ್ಧತಿಯಂತೆ ವುಝೂ ಮಾಡಿ. ಎರಡು ನಿಮಿಷದ ನೀರಿನ ಕೆಲಸ, ಯಾರಿಗೂ ಅನ್ಯಾಯವಿಲ್ಲ. ಒಬ್ಬರ ಬದುಕೇ ಸಿಕ್ಕಿಕೊಳ್ಳುವ ಫತ್ವಾ ಆಗಿದ್ದರೆ ‘ಸುಮ್ಮನೆ ಒಪ್ಪಿ’ ಎಂದು ನಾನು ಖಂಡಿತ ಬರೆಯುತ್ತಿರಲಿಲ್ಲ.

ಅಂದಹಾಗೆ, ತವಾಫ್‌ನ (ಮಕ್ಕಾದ ಕಅಬಾಕ್ಕೆ ಸುತ್ತು ಹಾಕುವುದು) ನೂಕುನುಗ್ಗಲಿನಲ್ಲಿ ಹನಫಿ ಅಭಿಪ್ರಾಯ ಹಿಡಿಯಬಹುದು ಎಂದು ಅನೇಕ ಶಾಫಿಈ ವಿದ್ವಾಂಸರೇ ಹೇಳುತ್ತಾರೆ. ಈ ಮಾತನ್ನೇ ಮುಂದಿಟ್ಟು ಬೇರೊಬ್ಬ ಉಸ್ತಾದರಲ್ಲಿ ಕೇಳಿ ನೋಡಿ, ಗದರದವರೂ ಇದ್ದಾರೆ. ಗಂಡನಿಗೆ ಹೇಳಿ, ನಗುವ ಬದಲು ಟವೆಲ್ ಹಿಡಿದು ನಿಲ್ಲಲಿ. ಕೈ ತಾಗದಂತೆ.